ಬಾಕ್ಸ್ ನಿಮ್ಮದು, ಸಿನಿಮಾ ಯಾರದು?

‘ಒಂದೇ ಸಲ ದುಡ್ಡು ಕೊಡಿ, ಎಲ್ಲ ಒಟಿಟಿ ಲೈಫ್‌ಟೈಮ್ ಫ್ರೀ’ ಎಂದು ಆಂಡ್ರಾಯ್ಡ್ ಬಾಕ್ಸ್ ಮಾರುವವರಿದ್ದಾರೆ. ಫೋನ್ ರೂಟ್ ಅಥವಾ ಜೈಲ್‌ಬ್ರೇಕ್ ಮಾಡಿದರೆ, ಅಂದರೆ ಕಂಪನಿ ಹಾಕಿದ ನಿರ್ಬಂಧ ತೆಗೆದರೆ, ಪೊಲೀಸರು ಬರುತ್ತಾರೆ ಎಂದು ಹೆದರಿಸುವವರೂ ಇದ್ದಾರೆ. ಎರಡೂ ಕಡೆ ಕಾನೂನನ್ನು ಓದಿದವರು ಕಡಿಮೆ.

ತಪ್ಪು ಕಲ್ಪನೆ: ರೂಟ್, ಜೈಲ್‌ಬ್ರೇಕ್ ಮಾಡುವುದೇ ಅಪರಾಧ.

ಸತ್ಯ: ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಡಿಜಿಟಲ್ ಬೀಗ ಒಡೆಯುವವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸುತ್ತದೆ. ಆದರೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ. ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಲು ರೂಟ್ ಮಾಡಿದವರಿಗೆ ಆ ಉದ್ದೇಶವಿಲ್ಲ. ವಾರಂಟಿ ಹೋದೀತು, ಬ್ಯಾಂಕ್ ಆಪ್ ತೆರೆಯದಿದ್ದೀತು, ಅಷ್ಟೆ. ಅಮೆರಿಕದ 1998ರ ಕಾನೂನು ಇನ್ನೂ ಬಿಗಿ. ಅಲ್ಲಿ ಫೋನ್ ಜೈಲ್‌ಬ್ರೇಕ್‌ಗೆ 2010ರಲ್ಲಿ ಪ್ರತ್ಯೇಕ ವಿನಾಯಿತಿಯನ್ನೇ ಕೊಡಬೇಕಾಯಿತು.

ತಪ್ಪು ಕಲ್ಪನೆ: ನನ್ನ ದುಡ್ಡಿನ ಬಾಕ್ಸ್, ಅದರಲ್ಲಿ ಏನು ನೋಡಿದರೂ ನನ್ನಿಷ್ಟ.

ಸತ್ಯ: ಕೊಂಡದ್ದು ಯಂತ್ರವನ್ನು ಮಾತ್ರ. ಪೇ ಚಾನೆಲ್‌ನ ಸಿಗ್ನಲ್ ಗೂಢಲಿಪಿಯಲ್ಲಿ ಬರುತ್ತದೆ. ಚಂದಾ ಕಟ್ಟಿದ ಬಾಕ್ಸ್‌ಗೆ ಮಾತ್ರ ಅದನ್ನು ಬಿಡಿಸುವ ಕೀ ಸಿಗುತ್ತದೆ. ಚಂದಾ ತಪ್ಪಿಸಲೆಂದೇ ಬಾಕ್ಸ್ ಕ್ರ್ಯಾಕ್ ಮಾಡಿದರೆ ಉದ್ದೇಶ ಏನೆಂದು ಬೇರೆ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಅಂಗಡಿಯವರು ಬಿಲ್ ಕೊಟ್ಟಿದ್ದಾರೆ, ಹಾಗಾಗಿ ಸಕ್ರಮ.

ಸತ್ಯ: ಖಾಲಿ ಬಾಕ್ಸ್ ಮಾರಾಟ ಸಕ್ರಮವೇ. ಕದ್ದ ಸಿನಿಮಾಗಳ ಕೊಂಡಿ ತುಂಬಿ ಮಾರಿದರೆ ಕಥೆ ಬೇರೆ. ನೆದರ್‌ಲ್ಯಾಂಡ್ಸ್‌ನ ಇಂಥದ್ದೇ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಮಾರಾಟಗಾರನ ವಿರುದ್ಧ ತೀರ್ಪಿತ್ತಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲೂ ಉಲ್ಲಂಘನೆಗೆ ಕುಮ್ಮಕ್ಕು ಕೊಡುವುದು ಅಪರಾಧ. ಕೊಂಡವರಿಗೂ ಅಪಾಯ ತಪ್ಪಿದ್ದಲ್ಲ: ಕದ್ದ ಸಿನಿಮಾಗಳ ಆಪ್ ಅನ್ನು ಫೋನಿಗೂ ಹಾಕಿಕೊಂಡಾಗ, ಅದು ಸಿನಿಮಾ ತೋರಿಸುವ ಮೊದಲೇ ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ, ಅದರ ಕಣ್ಣು ನಿಮ್ಮ ಒಟಿಪಿ ಮೇಲಿದೆ ಎಂದೇ ತಿಳಿಯಿರಿ.

ತಪ್ಪು ಕಲ್ಪನೆ: ಲಾಭಕ್ಕಲ್ಲದೆ ಗೆಳೆಯರಿಗೆ ಹಂಚಿದರೆ ತಪ್ಪಿಲ್ಲ.

ಸತ್ಯ: ಬಿಡುಗಡೆಯಾದ ದಿನವೇ ಟೆಲಿಗ್ರಾಂ ಗ್ರೂಪಿಗೆ ಸಿನಿಮಾ ಹಾಕುವವರು ಇದನ್ನು ಗಮನಿಸಬೇಕು. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭವಿರಲಿಲ್ಲ ಎಂದಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ತಗ್ಗಿಸಬಹುದು, ಅಪರಾಧವಂತೂ ಅಳಿಯದು. ಇದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: ತಿಂಗಳ ಬಾಡಿಗೆ ಇಲ್ಲದ ಬಾಕ್ಸ್ ಎಲ್ಲವೂ ಕಳ್ಳಮಾಲೇ.

ಸತ್ಯ: ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ 2004ರಿಂದ ನಡೆಯುತ್ತಿದೆ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಖರ್ಚು ಮಾಡಿದರೆ ಚಂದನ ಸೇರಿ ಹಲವು ಚಾನೆಲ್‌ಗಳು ಉಚಿತ. ಫ್ರೀ ಎಂದಾಗ ಕೇಳಬೇಕಾದ್ದು ಇಷ್ಟೇ: ಕೊಡುತ್ತಿರುವವರಿಗೆ ಕೊಡುವ ಹಕ್ಕಿದೆಯೇ?