ಸಾರಿ ಹೇಳಬೇಕಾದ ಮರ್ಮ

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದ ಹೆಸರಿನಲ್ಲೇ ಛತ್ರವಿದೆ. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಊರ ಹೆಸರುಗಳು ಅಪರೂಪವಲ್ಲ. ದಾರಿಹೋಕರಿಗೆ ನೆರಳು, ನೀರು, ಊಟ ಒದಗಿಸುವುದು ಛತ್ರದ ಧರ್ಮ. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಬಂದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರೆಂದಲ್ಲ. ಒಳಗೆ ಯಾರು, ಜಗುಲಿಯ ಮೇಲೆ ಯಾರು, ಅಂಗಳದಾಚೆ ಯಾರು ಎಂಬುದನ್ನು ಜಾತಿಯೇ ಗೊತ್ತುಮಾಡುತ್ತಿದ್ದ ಛತ್ರಗಳು ನಾಡಿನಲ್ಲಿ ಸಾಕಷ್ಟಿದ್ದವು. ‘ಒಳಗೆ ಯಾರು, ಹೊರಗೆ ಯಾರು’ ಎಂಬ ಈ ಪ್ರಶ್ನೆಯೇ ಕ್ರೈಸ್ತ ಧರ್ಮದ ಒಂದು ಗಹನವಾದ ಪದದ ತಿರುಳು ಕೂಡ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಓದುವ ಹಳೆಯ ಕನ್ನಡ ಸತ್ಯವೇದದಲ್ಲಿ ಆ ಪದ ‘ಮರ್ಮ’. ಕಥೋಲಿಕರ ವಾಡಿಕೆಯಲ್ಲಿ ‘ರಹಸ್ಯ’. ಜಪಸರ ಹಿಡಿದು ಪ್ರಾರ್ಥಿಸುವವರು ಧ್ಯಾನಿಸುವುದು ಕ್ರಿಸ್ತನ ಜೀವನದ ರಹಸ್ಯಗಳನ್ನೇ.

ಮೂಲ ಗ್ರೀಕ್ ಪದ ‘ಮಿಸ್ಟೀರಿಯನ್’. ಕಣ್ಣು, ಬಾಯಿ ಮುಚ್ಚುವುದು ಎಂಬರ್ಥದ ಧಾತುವಿನಿಂದ ಅದು ಬಂದಿದೆಯೆಂದು ಹೇಳುವುದುಂಟು. ಅಥೆನ್ಸ್ ಬಳಿಯ ಎಲ್ಯೂಸಿಸ್‌ನಲ್ಲಿ ದೀಕ್ಷೆ ಪಡೆದವರಿಗಷ್ಟೇ ಮೀಸಲಾದ ಆರಾಧನೆಗಳು ನಡೆಯುತ್ತಿದ್ದವು. ಅಲ್ಲಿ ಕಂಡದ್ದನ್ನು ಹೊರಗೆ ಆಡುವಂತಿರಲಿಲ್ಲ. ನಮ್ಮಲ್ಲಿ ಗುರು ಶಿಷ್ಯನ ಕಿವಿಯಲ್ಲಿ ಉಸುರುವ ಮಂತ್ರದ ಹಾಗೆ.

ಯೆಹೂದ್ಯರಲ್ಲಿ ಇದಕ್ಕೆ ಬೇರೆಯೇ ಒಂದು ಅರ್ಥವಿತ್ತು. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಬಾಬಿಲೋನಿನ ಅರಸನೊಬ್ಬ ಕನಸು ಕಾಣುತ್ತಾನೆ. ಆಸ್ಥಾನದ ಪಂಡಿತರಿಗೆ ಅದು ಬಿಡಿಸಲಾಗದ ಒಗಟು. ದಾನಿಯೇಲ ಅದನ್ನು ಬಿಡಿಸುತ್ತಾನೆ: ಮುಂದೆ ನಡೆಯಬೇಕಾದದ್ದನ್ನು ದೇವರು ಮೊದಲೇ ಗೊತ್ತುಮಾಡಿ ಮರೆಯಲ್ಲಿಟ್ಟಿದ್ದಾನೆ, ಕಾಲ ಬಂದಾಗ ತಾನೇ ತೆರೆದು ತೋರುತ್ತಾನೆ. ಅಲ್ಲಿ ಬಳಕೆಯಾದ ‘ರಾಝ್’ ಪರ್ಷಿಯನ್ನಿನಿಂದ ಬಂದ ಪದ. ಹಿಂದಿ ಚಿತ್ರಗೀತೆ ಕೇಳುವವರಿಗೂ ಅದರ ಪರಿಚಯವುಂಟು. ಗ್ರೀಕ್ ಅನುವಾದಕರು ಅದಕ್ಕೆ ಕೊಟ್ಟ ಪದವೇ ಮಿಸ್ಟೀರಿಯನ್. ಹೊಸ ಒಡಂಬಡಿಕೆಯಲ್ಲಿ ಸುಮಾರು 28 ಕಡೆ ಅದು ಬರುತ್ತದೆ, ಬಹುಪಾಲು ಸಂತ ಪೌಲನ ಹೆಸರಿನ ಪತ್ರಗಳಲ್ಲಿ.

ಪೌಲನ ಪ್ರಕಾರ ಮನುಷ್ಯನ ಉದ್ಧಾರಕ್ಕಾಗಿ ದೇವರು ಸೃಷ್ಟಿಗೂ ಮುಂಚೆ ಒಂದು ಸಂಕಲ್ಪ ಮಾಡಿದ್ದ. ಯುಗಯುಗಗಳ ಕಾಲ ಅದು ಮರೆಯಾಗಿತ್ತು. ಕ್ರಿಸ್ತನ ಜನನ, ಮರಣ, ಪುನರುತ್ಥಾನಗಳಲ್ಲಿ ಬಯಲಾಯಿತು. ಎಫೆಸದವರಿಗೆ ಬರೆದ ಪತ್ರವಂತೂ ಆ ಗುಟ್ಟು ಏನೆಂಬುದನ್ನು ಬಿಡಿಸಿಯೇ ಹೇಳುತ್ತದೆ. (ಈ ಪತ್ರ ಪೌಲನದೋ ಅವನ ಶಿಷ್ಯರದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.) ದೇವರ ವಾಗ್ದಾನ ಯೆಹೂದ್ಯರ ಸ್ವತ್ತಷ್ಟೇ ಅಲ್ಲ, ಅನ್ಯಜನರೂ ಅದಕ್ಕೆ ಸಮಾನ ಹಕ್ಕುದಾರರು, ಒಂದೇ ದೇಹದ ಅಂಗಗಳು. ಯಾವುದೋ ಗೂಢವಿದ್ಯೆಯನ್ನು ನಿರೀಕ್ಷಿಸಿದವರಿಗೆ ಇದು ಸಪ್ಪೆ ಎನಿಸಬಹುದು. ಆ ಕಾಲದವರಿಗೆ ಸಪ್ಪೆಯಾಗಿರಲಿಲ್ಲ.

ಏಕೆಂದರೆ ಅಂದು ಜೆರುಸಲೇಮಿನ ದೇವಾಲಯದಲ್ಲಿ ನಿಜವಾಗಿಯೇ ಒಂದು ಅಡ್ಡಗೋಡೆ ಇತ್ತು. ಅನ್ಯಜನರು ಅದರ ಹೊರಗಿನ ಅಂಗಳದಲ್ಲೇ ನಿಲ್ಲಬೇಕು. ದಾಟಿದವನ ಸಾವಿಗೆ ಅವನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕಲ್ಲಿನ ಮೇಲೆ ಕೊರೆಸಲಾಗಿತ್ತು. ಆ ಕಲ್ಲುಗಳಲ್ಲೊಂದು 1871ರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮೊಂ ಗನ್ನೊನ ಕಣ್ಣಿಗೆ ಬಿತ್ತು. ಅದೀಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಎಫೆಸದ ತ್ರೊಫಿಮನೆಂಬ ಅನ್ಯಜಾತಿಯವನನ್ನು ಈ ಗೋಡೆಯ ಒಳಗೆ ಕರೆತಂದನೆಂಬ ಗುಮಾನಿಯ ಮೇಲೆಯೇ ಜನ ಪೌಲನನ್ನು ಹಿಡಿದು ಬಡಿದರೆಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಅಡ್ಡಗೋಡೆ ಬಿದ್ದುಹೋಯಿತೆಂದು ಎಫೆಸದವರ ಪತ್ರ ಸಾರುವಾಗ ಓದುಗರ ಮನಸ್ಸಿಗೆ ಈ ಗೋಡೆ ಬಂದಿರಲು ಸಾಕು.

ಹೀಗೆ ಎಲ್ಯೂಸಿಸ್‌ನ ಗುಟ್ಟಿಗೂ ಪೌಲನ ಗುಟ್ಟಿಗೂ ಅಜಗಜಾಂತರ. ಒಂದನ್ನು ಬಾಯಿಬಿಟ್ಟರೆ ಅಪರಾಧ, ಇನ್ನೊಂದನ್ನು ಬಾಯಿಬಿಡದಿದ್ದರೆ ಅಪರಾಧ. ಕನ್ನಡಿಗರಿಗೆ ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಕಥೆ ಮನೆಮಾತು. ತಿರುಕ್ಕೋಷ್ಟಿಯೂರಿನಲ್ಲಿ ಗುರುಗಳಿಂದ ಪಡೆದ ರಹಸ್ಯವನ್ನು ಅವರು ದೇವಾಲಯದ ಮೇಲೇರಿ ಎಲ್ಲರಿಗೂ ಕೂಗಿ ಹೇಳಿದರೆಂದೂ, ಎಲ್ಲರಿಗೂ ಮೋಕ್ಷವಾಗುವುದಾದರೆ ತನಗೆ ನರಕವಾದರೂ ಸರಿ ಎಂದರೆಂದೂ ಪರಂಪರೆ ನಂಬುತ್ತದೆ. ಎರಡರ ತತ್ತ್ವ ಬೇರೆ, ಕಾಲವೂ ಬೇರೆ. ಆದರೂ ಮುಚ್ಚಿಟ್ಟದ್ದನ್ನು ಬಯಲಿಗಿಡುವ ಆ ಧೈರ್ಯ ಒಂದೇ ಬಗೆಯದು.

ಗುಟ್ಟು ರಟ್ಟಾದರೂ ಗೋಡೆ ಅಷ್ಟು ಬೇಗ ಬೀಳಲಿಲ್ಲ. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಧರ್ಮಬೋಧೆ ಮಾಡಿದ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ. ಗ್ರಂಥ ಬಂತು, ಸಭೆಗಳೂ ಬೆಳೆದವು. ಜಾತಿಯೂ ಹಿಂದೆಯೇ ಬಂತು. ನೆರೆಯ ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನಲ್ಲಿ ಬೇರೆ ಬೇರೆ ಜಾತಿಯ ಕ್ರೈಸ್ತರನ್ನು ಬೇರ್ಪಡಿಸಲು ಗೋಡೆಯನ್ನೇ ಎಬ್ಬಿಸಿದ್ದರು. 20ನೇ ಶತಮಾನದ ಆರಂಭದಲ್ಲಿ ಅದನ್ನು ಕೆಡವಿಸಬೇಕಾಯಿತು. ಅಡ್ಡಗೋಡೆ ಬಿದ್ದ ಕಥೆಯನ್ನು ಪೀಠದಿಂದ ಓದುತ್ತಿದ್ದ ಚರ್ಚಿನಲ್ಲೇ ಇದು!

ಕಲ್ಲಿನ ಗೋಡೆಯನ್ನು ಕೆಡವಬಹುದು. ಕಾಗದದ ಮೇಲಿನದು ಇನ್ನೂ ಜಟಿಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ಕ್ರೈಸ್ತ ಧರ್ಮದಲ್ಲಿ ಜಾತಿಯಿಲ್ಲವಲ್ಲ ಎಂಬುದು ಅದಕ್ಕೆ ಕೊಡುವ ಒಂದು ಕಾರಣ. ತತ್ತ್ವದಲ್ಲಿ ಇಲ್ಲ, ಸ್ಮಶಾನದಲ್ಲೂ ಸಂಬಂಧ ಬೆಳೆಸುವಲ್ಲೂ ಇದೆ ಎಂಬುದು ದಲಿತ ಕ್ರೈಸ್ತರ ಮಾತು. ಕರ್ನಾಟಕದ ಮೀಸಲಾತಿ ಪಟ್ಟಿ ಉಳಿದ ಕ್ರೈಸ್ತರನ್ನು 3ಬಿ ವರ್ಗದಲ್ಲಿಟ್ಟು, ಪರಿಶಿಷ್ಟ ಜಾತಿಯಿಂದ ಮತಾಂತರವಾದವರನ್ನು ಪ್ರವರ್ಗ 1ರಲ್ಲಿ ಬೇರೆಯಾಗಿಯೇ ಇರಿಸಿದೆ.