ಗಾಲ್ಫ್: ಚೆಂಡು ಬಿದ್ದ ನೆಲೆ

ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ಬುಂಟು. ಆದರೂ ನಮ್ಮಲ್ಲಿ ಅನೇಕರು ಈ ಆಟವನ್ನು ಬೇಲಿಯ ಹೊರಗಿನಿಂದ ಮಾತ್ರ ಕಂಡವರು. ಹಾರುವ ಚಿನ್ನಿಯನ್ನೇ ದಾಂಡಿನಿಂದ ಹೊಡೆಯಬಲ್ಲ ನಮ್ಮ ಹುಡುಗರ ಮುಂದೆ, ನಿಂತ ಚೆಂಡನ್ನು ಹೊಡೆಯುವುದು ಏನು ಹೆಚ್ಚಳವೆಂದು ಕೇಳುವವರುಂಟು. ಕೋಲನ್ನು ಕೈಯಲ್ಲಿ ಹಿಡಿದ ಮೊದಲ ದಿನವೇ ಈ ಪ್ರಶ್ನೆ ಅಡಗಿಹೋಗುತ್ತದೆ.

ಹೊಸಬನಿಗೆ ಚೆಂಡನ್ನು ಮೇಲೆತ್ತಬೇಕೆಂಬ ಆತುರ. ಅದಕ್ಕಾಗಿ ಅವನು ಮಣಿಕಟ್ಟಿನಿಂದ ಗೋರುತ್ತಾನೆ. ಕೋಲು ಚೆಂಡಿನ ನೆತ್ತಿಯನ್ನು ಸವರುತ್ತದೆ. ಚೆಂಡು ನಾಲ್ಕು ಮಾರು ಉರುಳಿ ನಿಲ್ಲುತ್ತದೆ. ಕಬ್ಬಿಣದ ಕೋಲಿನ ಮುಖವನ್ನು ಓರೆಯಾಗಿ ಮಾಡಿರುವುದು ಚೆಂಡನ್ನು ಏರಿಸುವುದಕ್ಕಾಗಿಯೇ ಎಂಬುದನ್ನು ಅವನು ಮರೆತಿರುತ್ತಾನೆ. ಕೋಲು ಕೆಳಮುಖವಾಗಿ ಬಂದು, ಮೊದಲು ಚೆಂಡನ್ನೂ ಅನಂತರ ನೆಲವನ್ನೂ ತಾಗಿದರೆ ಸಾಕು, ಚೆಂಡು ತಾನಾಗಿ ಏಳುತ್ತದೆ. ಹಿಡಿತದಲ್ಲಿಯೂ ಹೀಗೆಯೇ. ಬಿಗಿಮುಷ್ಟಿ ಕೂಡದು. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲೆ ಒರಗಿಸುವ ಕ್ರಮವನ್ನು ಪ್ರಸಿದ್ಧಿಗೆ ತಂದವನು, ಬ್ರಿಟನ್ನಿನ ಓಪನ್ ಪಂದ್ಯವನ್ನು ಆರು ಬಾರಿ ಗೆದ್ದ ಹ್ಯಾರಿ ವಾರ್ಡನ್. ಹೊಡೆತದ ಬಲವು ತೋಳಿನಿಂದಲ್ಲ, ನಡುವಿನ ತಿರುವಿನಿಂದ ಬರತಕ್ಕದ್ದು. ಹೇಳುವುದು ಸುಲಭ, ಮೈ ಒಪ್ಪುವುದಕ್ಕೆ ತಿಂಗಳುಗಳು ಬೇಕು.

ಮೈ ಒಪ್ಪಿದ ಮೇಲೆ ನೆಲವನ್ನು ಒಪ್ಪಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನವು ಕಡಲಿಗೂ ಹೊಲಗಳಿಗೂ ನಡುವಣ ಮರಳುಭೂಮಿ. ಉಳುಮೆಗೆ ಒದಗದ ಆ ದಿಬ್ಬತಗ್ಗುಗಳನ್ನು ಮೊದಲು ರೂಪಿಸಿದ್ದು ಗಾಳಿ. ಬಂಕರುಗಳೆಂಬ ಮರಳಿನ ಕುಳಿಗಳು ಕುರಿಗಳು ಗಾಳಿಗೆ ಮರೆಯಾಗಿ ಮಲಗಿದ ತಾವುಗಳೆಂದು ಹೇಳುವುದುಂಟು. 1764ರಲ್ಲಿ ಅಲ್ಲಿಯ 22 ಕುಳಿಗಳ ಆಟವನ್ನು 18ಕ್ಕೆ ಇಳಿಸಿದರು. ಲೋಕವೆಲ್ಲ ಈಗ ಅದೇ ಲೆಕ್ಕವನ್ನು ಅನುಸರಿಸುತ್ತದೆ. ಚೆಂಡು ಬಿದ್ದ ನೆಲೆಯಲ್ಲಿಯೇ ಆಡಬೇಕೆಂಬುದು ಈ ಆಟದ ಮೂಲಧರ್ಮ. ಚೆನ್ನಾಗಿ ಹೊಡೆದ ಚೆಂಡೂ ಉಬ್ಬಿಗೆ ತಗುಲಿ ಬಂಕರಿಗೆ ಉರುಳಬಹುದು. ಅದು ಅನ್ಯಾಯವೆಂದು ಯಾರಲ್ಲಿ ದೂರುವುದು?

ಅಮೆರಿಕದ ಬಾಬಿ ಜೋನ್ಸನು ದೂರಿದನು. 1921ರಲ್ಲಿ, 19ರ ಹರೆಯದಲ್ಲಿ, ಅವನು ಈ ಮೈದಾನದ 11ನೆಯ ಕುಳಿಯ ಬಳಿ ಬಂಕರಿನಲ್ಲಿ ಸಿಕ್ಕಿಬಿದ್ದು, ಸಿಟ್ಟಿನಿಂದ ಓಪನ್ ಪಂದ್ಯವನ್ನೇ ಬಿಟ್ಟನು. ನಾಲ್ಕು ವರ್ಷಗಳ ಬಳಿಕ, 1925ರ ಅಮೆರಿಕದ ಓಪನ್ ಪಂದ್ಯದಲ್ಲಿ, ಹುಲ್ಲಿನೊಳಗೆ ಅವನ ಚೆಂಡು ಎಳ್ಳಷ್ಟು ಕದಲಿತು. ಬೇರೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅವನು ತಾನೇ ಒಂದು ಹೊಡೆತದ ದಂಡವನ್ನು ಹಾಕಿಕೊಂಡನು. ಕೊನೆಗೆ ಎದುರಾಳಿಯೊಡನೆ ಸಮನಾಗಿ ನಿಂತು, ಮರುಪಂದ್ಯದಲ್ಲಿ ಒಂದೇ ಹೊಡೆತದಿಂದ ಸೋತನು. ನಮ್ಮ ಎಣಿಕೆಯಲ್ಲಿ ಅವನ ಕಲಿಕೆ ಮುಗಿದದ್ದು ಆ ದಿನವೇ.

1927ರಲ್ಲಿ ಸೇಂಟ್ ಆಂಡ್ರೂಸಿಗೆ ಮರಳಿ ಬಂದು, ಅದೇ ಮೈದಾನದಲ್ಲಿ ಓಪನ್ ಪಂದ್ಯವನ್ನು ಗೆದ್ದನು. ಬೆನ್ನುಹುರಿಯ ಬೇನೆಯಿಂದ ಆಟವಾಡಲಾರದವನಾಗಿದ್ದ 1958ರಲ್ಲಿ ಆ ಊರು ಅವನನ್ನು ಕರೆಸಿ ತನ್ನ ಗೌರವ ಪೌರನನ್ನಾಗಿ ಮಾಡಿಕೊಂಡಿತು. ಅವನಿಗಿಂತ ಮೊದಲು ಆ ಗೌರವವನ್ನು ಪಡೆದಿದ್ದ ಅಮೆರಿಕದವನು ಬೆಂಜಮಿನ್ ಫ್ರಾಂಕ್ಲಿನ್, 1759ರಲ್ಲಿ.