ಹೊಗೆಯ ಪಾಕ

ಹೊಗೆಯನ್ನು ಅಡುಗೆಮನೆಯ ಶತ್ರುವೆಂದೇ ಬಗೆದು ಚಿಮಣಿ ಕಟ್ಟಿಸಿದವರು ನಾವು. ಅಮೆರಿಕದ ದಕ್ಷಿಣ ಸೀಮೆಯವರಾದರೋ ಹಂದಿಯ ಪಕ್ಕೆಲುಬಿನ ಮಾಂಸವನ್ನು ಐದಾರು ಗಂಟೆಗಳ ಕಾಲ ಆ ಹೊಗೆಯ ವಶಕ್ಕೇ ಒಪ್ಪಿಸಿಬಿಡುತ್ತಾರೆ. ಕೊಡಗಿನ ಹಳೆಯ ಮನೆಗಳಲ್ಲಿಯೂ ಒಲೆಯ ಮೇಲೆ ಮಾಂಸವನ್ನು ತೂಗಹಾಕುವ ರೂಢಿಯುಂಟು. ಆದರೆ ಅದು ಮಳೆಗಾಲಕ್ಕೆ ಕಾಪಿಡುವ ಉಪಾಯ. ಅಲ್ಲಿಯವರಿಗೆ ಹೊಗೆಯೇ ಪಾಕ.

ಪಕ್ಕೆಲುಬಿನ ಮಾಂಸ ಸ್ವಭಾವತಃ ಗಡುಸು. ಅದರಲ್ಲಿ ಕೊಲಾಜೆನ್ ಎಂಬ ನಾರುವಸ್ತು ಹೆಣೆದುಕೊಂಡಿರುತ್ತದೆ. ಉರಿಯುವ ಬೆಂಕಿಗೊಡ್ಡಿದರೆ ಒಣಗಿ ಚಕ್ಕಳವಾದೀತೇ ಹೊರತು ಮೆತ್ತಗಾಗದು. ಸುಮಾರು 107 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನಿಧಾನವಾಗಿ ಬೆಂದಾಗ ಮಾತ್ರ ಆ ನಾರು ಕರಗಿ ಜಿಲೆಟಿನ್ ಆಗುತ್ತದೆ. ಮೊದಲು ಕುದಿಸಿ ಆಮೇಲೆ ಸುಡುವ ಆತುರಗಾರರೂ ಇದ್ದಾರೆ. ರುಚಿಯೆಲ್ಲ ನೀರಿನ ಪಾಲಾಯಿತೆಂದು ಅವರಿಗೆ ಹೇಳುವವರಾರು?

ಈ ತಾಳ್ಮೆಯನ್ನು ಕಲಿಸಿದವರು ಯಾರು? ಮೂಲನಿವಾಸಿಗಳ ವಿದ್ಯೆಗೆ ತಮ್ಮ ಕೈಗುಣವನ್ನು ಬೆರೆಸಿ, ನೆಲದಲ್ಲಿ ಕುಳಿ ತೋಡಿ, ಕೆಂಡ ಹರಡಿ, ತೋಟದೊಡೆಯರ ಔತಣಗಳಿಗಾಗಿ ಇರುಳೆಲ್ಲ ನಿದ್ದೆಗೆಟ್ಟವರು ಬಹುಮಟ್ಟಿಗೆ ಆಫ್ರಿಕ ಮೂಲದ ಗುಲಾಮರು. ಒಡೆಯರ ಪಂಕ್ತಿಯಲ್ಲಿ ಅವರಿಗೆ ಎಡೆಯಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅವರ ಸಂತತಿ ಉತ್ತರದ ನಗರಗಳಿಗೆ ವಲಸೆ ಹೋದಾಗ ವಿದ್ಯೆಯೂ ಜೊತೆಗೆ ಹೋಯಿತು. ಟೆನೆಸಿಯಲ್ಲಿ ಹುಟ್ಟಿದ ಹೆನ್ರಿ ಪೆರಿ ಎಂಬಾತ 1908ರ ಸುಮಾರಿಗೆ ಕನ್ಸಾಸ್ ಸಿಟಿಯ ಓಣಿಯೊಂದರಲ್ಲಿ ಈ ಮಾಂಸವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮಾರತೊಡಗಿದ. ಆ ಊರಿನ ಇಂದಿನ ಖ್ಯಾತಿಗೆ ಬೀಜ ಬಿದ್ದದ್ದು ಅಲ್ಲಿ. 1952ರಲ್ಲಿ ಇಲಿನಾಯ್ ರಾಜ್ಯದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಬಿಡುವ ಲೋಹದ ಬುರುಡೆಯನ್ನು ಎರಡಾಗಿ ಸೀಳಿ ಮುಚ್ಚಳದ ಒಲೆ ಮಾಡಿದ. ಕುಳಿಯ ಕೆಲಸ ಹಿತ್ತಿಲಿಗೆ ಬಂತು.

ಮನೆಯಲ್ಲಿ ಮಾಡುವವರು ಮೊದಲು ಎಲುಬಿನ ಒಳಬದಿಯ ತೆಳುಪೊರೆಯನ್ನು ಬಟ್ಟೆಯಲ್ಲಿ ಹಿಡಿದು ಸುಲಿಯುತ್ತಾರೆ. ಉಪ್ಪು, ಸಕ್ಕರೆ, ಮೆಣಸು ಸವರಿ, ಕೆಂಡ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ. ಕೆಂಡದ ಮೇಲೆ ಹಿಕರಿ ಮರದ ತುಂಡು. ಹೊಗೆ ಹೊಗೆಗೂ ಭೇದವುಂಟು. ದಟ್ಟವಾದ ಬಿಳಿಹೊಗೆ ಕಹಿಯನ್ನು ಬಿಡುತ್ತದೆ. ಕಂಡೂ ಕಾಣದಂತೆ ನೀಲಿಯಾಗಿ ಏಳುವ ತೆಳುಹೊಗೆಯೇ ಬೇಕಾದದ್ದು. ಆದುದರಿಂದ ಗಾಳಿಕಂಡಿಯನ್ನು ಪೂರ್ತಿ ಮುಚ್ಚಲಾಗದು. ಮುಚ್ಚಳ ತೆರೆದು ಇಣುಕುವ ಚಾಪಲ್ಯವೊಂದಿದೆಯಲ್ಲ, ಅದನ್ನು ಗೆಲ್ಲುವುದೇ ಕಷ್ಟ! ಸಕ್ಕರೆ ಬೆರೆತ ಗೊಜ್ಜನ್ನು ಸವರುವುದಾದರೆ ಕೊನೆಯ ಅರ್ಧ ಗಂಟೆಯಲ್ಲಿ. ಮೊದಲೇ ಸವರಿದರೆ ಸೀದೀತು.

ಕೊಯ್ದಾಗ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆಯೊಂದು ಕಾಣುತ್ತದೆ. ಹಸಿಯೆಂದು ಹೊಸಬರು ಹಿಂಜರಿಯುವುದುಂಟು. ಹೊಗೆಯ ಅನಿಲಗಳು ಮಾಂಸದ ವರ್ಣದ್ರವ್ಯದೊಡನೆ ಕೂಡಿದ ಗುರುತು ಅದು. ಬೆಂದುದರ ಪರೀಕ್ಷೆ ಬೇರೆ: ಇಕ್ಕಳದಿಂದ ತುದಿ ಹಿಡಿದೆತ್ತಿದರೆ ಇಡೀ ತುಂಡು ಬಾಗಿ ಮೇಲ್ಮೈ ಬಿರಿಯಬೇಕು. ತಾನಾಗಿ ಕಳಚಿ ಬೀಳುವಷ್ಟು ಬೆಂದುದನ್ನು ಬಲ್ಲವರು ಮೆಚ್ಚುವುದಿಲ್ಲ. ಕಚ್ಚಿದಷ್ಟು ಬಿಟ್ಟುಕೊಡಬೇಕು, ಉಳಿದುದು ಎಲುಬನ್ನು ಹಿಡಿದೇ ಇರಬೇಕು.